ಫಾರಂ ತುಂಬದೆ ಬಿಟ್ಟವರು ಸೋಮಾರಿಗಳೇ?

ಮಳೆಹನಿ:

ನಾನು ಒಂದು ನೆರವಿನ ಯೋಜನೆಯ ಅರ್ಜಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನೆರವು ಪಡೆಯುವವರೆಲ್ಲ ವರ್ಷಕ್ಕೊಮ್ಮೆ ಫಾರಂ ತುಂಬಿ ಕಳಿಸಬೇಕು. ಕಳಿಸದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ, ಹಣ ನಿಲ್ಲುತ್ತದೆ. ಪ್ರತಿ ಸಲವೂ ಎಷ್ಟೋ ಜನ ಕಳಿಸುವುದೇ ಇಲ್ಲ. ಹಣ ಬೇಡ ಅಂತಲ್ಲ. ನಿಂತ ಮೇಲೆ ಕಂಗಾಲಾಗಿ ಓಡಿ ಬರುತ್ತಾರೆ.

ನನ್ನ ಜೊತೆಯವರು ಹೇಳುವುದು ಒಂದೇ ಮಾತು: "ನಿಜವಾಗಿ ಬೇಕಿದ್ದವರು ತುಂಬುತ್ತಿದ್ದರು." ನನಗೆ ಇದನ್ನು ಒಪ್ಪಲು ಆಗುತ್ತಿಲ್ಲ. ಯಾಕೆಂದರೆ ನಾನೂ ಹೀಗೆ ಮಾಡಿದ್ದೇನೆ. ಮೊದಲ ಕೆಲಸಕ್ಕೆ ಸೇರಿದಾಗ ಪಿಂಚಣಿ ಉಳಿತಾಯದ ಫಾರಂ ಕೊಟ್ಟಿದ್ದರು. ನಾನು ಎಷ್ಟು ಹಾಕುತ್ತೇನೋ ಅಷ್ಟೇ ಹಣವನ್ನು ಅವರೂ ಸೇರಿಸುತ್ತಿದ್ದರು. ಒಂದು ಸಹಿ ಸಾಕಿತ್ತು. ಆ ಫಾರಂ ಎರಡು ವರ್ಷ ಮೇಜಿನ ಡ್ರಾಯರಿನಲ್ಲೇ ಇತ್ತು. ಆ ಎರಡು ವರ್ಷ ನಾನು ಸೋಮಾರಿಯಾಗಿರಲಿಲ್ಲ. ದಿನಾ ಹತ್ತು ಗಂಟೆ ದುಡಿಯುತ್ತಿದ್ದೆ.

ವರ್ತನಾ ವಿಜ್ಞಾನ, ಅಂದರೆ ಜನ ನಿಜವಾಗಿ ಹೇಗೆ ನಿರ್ಧಾರ ಮಾಡುತ್ತಾರೆ ಅಂತ ನೋಡುವ ವಿಜ್ಞಾನ, ಓದಿದವರು ಇಲ್ಲಿ ಇದ್ದೀರಿ ಅಂತ ಗೊತ್ತು. ಇಂಥ ನಡವಳಿಕೆಗೆ ಅದರಲ್ಲಿ ಉತ್ತರ ಇದೆಯಾ? ಸರ್ಕಾರಗಳು ಇದನ್ನು ಬಳಸಿಕೊಂಡಿವೆ ಅಂತಾರೆ. ಅದರಿಂದ ಜನರಿಗೆ ಒಳ್ಳೆಯದಾಗಿದೆಯಾ?

ನಿಧಾನಿ:

ಮಳೆಹನಿ ಅವರೇ, ನಿಮ್ಮ ಡ್ರಾಯರಿನ ಕಥೆ ಈ ವಿಜ್ಞಾನದಲ್ಲೇ ಬಹಳ ಹೆಸರಾದ ಕಥೆ. 2001ರಲ್ಲಿ ಬ್ರಿಜೆಟ್ ಮ್ಯಾಡ್ರಿಯನ್ ಮತ್ತು ಡೆನಿಸ್ ಶೇ ಅನ್ನುವ ಸಂಶೋಧಕರು ಅಮೆರಿಕದ ಒಂದು ದೊಡ್ಡ ಕಂಪನಿಯ ಪಿಂಚಣಿ ಲೆಕ್ಕ ಬಿಡಿಸಿ ನೋಡಿದರು. ಅಲ್ಲಿ ಮೊದಲು ಪಿಂಚಣಿ ಉಳಿತಾಯ ಬೇಕೆನ್ನುವವರು ಫಾರಂ ತುಂಬಬೇಕಿತ್ತು. ಆಮೇಲೆ ನಿಯಮ ತಿರುಗಿಸಿದರು. ಸೇರಿದ ದಿನವೇ ಎಲ್ಲರ ಹೆಸರೂ ಯೋಜನೆಯಲ್ಲಿ ಇರುತ್ತದೆ, ಬೇಡವಾದವರು ಫಾರಂ ತುಂಬಿ ಹೊರಗೆ ಹೋಗಬಹುದು. ಯಾರ ಕೈಯನ್ನೂ ಕಟ್ಟಿಹಾಕಲಿಲ್ಲ, ಉಳಿತಾಯದ ಲಾಭವನ್ನೂ ಹೆಚ್ಚಿಸಲಿಲ್ಲ. ಆದರೂ ಹೊಸಬರಲ್ಲಿ ಯೋಜನೆ ಸೇರಿದವರ ಪ್ರಮಾಣ ಸುಮಾರು 48 ಶೇಕಡಾವಾರು ಅಂಶ (ಅಂದರೆ ನೂರಕ್ಕೆ 48 ಜನ) ಏರಿ ಶೇ. 86ರ ಹತ್ತಿರ ಬಂತು.

"ಬೇಕಿದ್ದವರು ತುಂಬುತ್ತಿದ್ದರು" ಅನ್ನುವ ಮಾತು ನಿಜವಾಗಿದ್ದರೆ ಈ ಸಂಖ್ಯೆ ಬದಲಾಗಬಾರದಿತ್ತು, ಅಲ್ವಾ? ಜನ ಅವರೇ, ಹಣವೂ ಅದೇ. ಬದಲಾದದ್ದು ಒಂದೇ: ಏನೂ ಮಾಡದೆ ಕೂತರೆ ಏನಾಗುತ್ತದೆ ಅನ್ನುವುದು. ಇದಕ್ಕೆ ಡೀಫಾಲ್ಟ್ ಅಂತಾರೆ. ನಾವು ಮುಟ್ಟದೆ ಬಿಟ್ಟರೆ ತಾನಾಗಿ ಉಳಿಯುವ ಆಯ್ಕೆ.

ಇದೇ ಅಧ್ಯಯನದ ಇನ್ನೊಂದು ಭಾಗವನ್ನು ಜನ ಹೇಳುವುದು ಕಡಿಮೆ. ಆ ಕಂಪನಿ ತಾನಾಗಿ ಕತ್ತರಿಸುತ್ತಿದ್ದ ಮೊತ್ತ ಸಂಬಳದ ಶೇ. 3 ಮಾತ್ರ. ಬಹಳ ಜನ ಅಲ್ಲೇ ಉಳಿದುಬಿಟ್ಟರು. ಫಾರಂ ತುಂಬಿ ತಾವಾಗಿ ಸೇರಿದ್ದರೆ ಅವರಲ್ಲಿ ಕೆಲವರಾದರೂ ಅದಕ್ಕಿಂತ ಜಾಸ್ತಿ ಹಾಕುತ್ತಿದ್ದರು. ಅಂದರೆ ಡೀಫಾಲ್ಟ್ ಒಳಗೆ ಕರೆತರುತ್ತದೆ, ಒಳಗೆ ಕೂರಿಸಿಯೂ ಬಿಡುತ್ತದೆ. ಅದನ್ನು ಎಲ್ಲಿ ಇಡುತ್ತೇವೆ ಅನ್ನುವುದರ ಹೊಣೆ ಇಡುವವರದ್ದು.

ಇದಕ್ಕೂ ಒಂದು ದಾರಿ ಹುಡುಕಿದರು. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಅನ್ನುವ ಅರ್ಥಶಾಸ್ತ್ರಜ್ಞರು ಕೆಲಸಗಾರರನ್ನು ಕೇಳಿದ್ದು ಇಷ್ಟು: "ಈಗ ಏನೂ ಕೊಡಬೇಡಿ. ಮುಂದೆ ಸಂಬಳ ಏರಿದಾಗ ಅದರಲ್ಲಿ ಸ್ವಲ್ಪ ಉಳಿತಾಯಕ್ಕೆ ಹೋಗಲಿ, ಒಪ್ಪುತ್ತೀರಾ?" ಹೀಗೆ ಕೇಳಿಸಿಕೊಂಡವರಲ್ಲಿ ಶೇ. 78 ಜನ ಒಪ್ಪಿದರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಇವತ್ತು ಕೈಬಿಡುವುದು ಕಷ್ಟ, ನಾಳೆ ಕೈಬಿಡುತ್ತೇನೆ ಅನ್ನುವುದು ಸುಲಭ. ನಾವೆಲ್ಲ ಇರುವುದೇ ಹಾಗೆ. ಅದನ್ನು ಬೈಯದೆ ಅದಕ್ಕೆ ಹೊಂದುವ ಹಾಗೆ ಯೋಜನೆ ಮಾಡಿದರು. 2004ರಲ್ಲಿ ಈ ಲೇಖನ ಬಂತು. ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು.

ಬ್ರಿಟನ್ ಇದನ್ನು ಇಡೀ ದೇಶಕ್ಕೇ ತಂದಿದೆ. 2012ರಿಂದ ಕೆಲಸ ಕೊಡುವವರೇ ಅರ್ಹರನ್ನೆಲ್ಲ ಪಿಂಚಣಿಗೆ ಸೇರಿಸಬೇಕು. ಬೇಡವಾದವರಿಗೆ ಹೊರಗೆ ಹೋಗಲು ಒಂದು ತಿಂಗಳ ಅವಕಾಶ ಇದೆ, ಕಟ್ಟಿದ ಹಣ ವಾಪಸ್ ಬರುತ್ತದೆ. ಶುರುವಿನಲ್ಲಿ ಕಟ್ಟಬೇಕಾದ ಕನಿಷ್ಠ ಪಾಲು ಸಂಬಳದ ಶೇ. 2 ಇತ್ತು. 2019ರ ಏಪ್ರಿಲ್ ಹೊತ್ತಿಗೆ ಅದನ್ನು ಶೇ. 8ಕ್ಕೆ ತಂದರು. ಒಂದು ಕೋಟಿಗೂ ಜಾಸ್ತಿ ಜನ ಹೀಗೆ ಸೇರಿದರು.

ಹಿಂಬದಿ_ಬೆಂಚು:

ಎಲ್ಲ ಸರಿ, ಆದರೆ ನನಗೆ ಒಂದು ತಳಮಳ. ಜನ ಯೋಚಿಸುವುದಿಲ್ಲ, ಅದಕ್ಕೆ ಅವರ ಬದಲು ನಾವೇ ಆರಿಸಿಬಿಡೋಣ ಅನ್ನುವ ಹಾಗೆ ಕೇಳಿಸುತ್ತದೆ. ಪಿಂಚಣಿ ವಿಷಯದಲ್ಲಿ ಪರವಾಗಿಲ್ಲ. ಅಂಗಾಂಗ ದಾನದಲ್ಲೂ ಹೀಗೇ ಮಾಡಿದ್ದಾರೆ. ಬೇಡ ಅಂತ ಹೇಳದವರೆಲ್ಲ ದಾನಿಗಳು! ಬಾಯಿ ಬಿಡದಿದ್ದರೆ ಒಪ್ಪಿದ ಹಾಗೆಯೇ?

ಎಣಿಕೆ:

ಈ ಪ್ರಶ್ನೆ ಮುಖ್ಯವಾದದ್ದು. ಇದರ ಸುತ್ತ ಅರ್ಧ ಸತ್ಯ ಬಹಳ ಓಡಾಡುತ್ತದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

2003ರಲ್ಲಿ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೈನ್ ಯುರೋಪಿನ ದೇಶಗಳನ್ನು ಹೋಲಿಸಿದರು. ಜರ್ಮನಿಯಲ್ಲಿ ದಾನಿಯಾಗಲು ಹೆಸರು ಕೊಡಬೇಕು. ಅಲ್ಲಿ ಒಪ್ಪಿಗೆ ಇದ್ದದ್ದು ಶೇ. 12. ಪಕ್ಕದ ಆಸ್ಟ್ರಿಯಾದಲ್ಲಿ ಬೇಡವಾದರೆ ಹೇಳಬೇಕು. ಅಲ್ಲಿ ಶೇ. 99.98. ಈ ಎರಡು ಸಂಖ್ಯೆ ನೋಡಿದವರಿಗೆ ಸಮಸ್ಯೆ ಮುಗಿದೇ ಹೋಯಿತು ಅನಿಸುತ್ತದೆ.

ಆದರೆ ಅದು ಕಾಗದದ ಮೇಲಿನ ಒಪ್ಪಿಗೆ. ಆಸ್ಪತ್ರೆಯಲ್ಲಿ ಜೀವ ಹೋದ ಆ ಹೊತ್ತಿನಲ್ಲಿ ಡಾಕ್ಟರು ಕೇಳುವುದು ಮನೆಯವರನ್ನು. ಬೇಡ ಅನ್ನದವರೆಲ್ಲ ದಾನಿ ಅನ್ನುವ ಡೀಫಾಲ್ಟ್ ಇರುವ ಬಹಳಷ್ಟು ದೇಶಗಳಲ್ಲೂ ಮನೆಯವರು ಬೇಡ ಅಂದರೆ ಮುಂದುವರಿಯುವುದಿಲ್ಲ. "ಅವರಿಗೆ ಇದು ಇಷ್ಟವಿತ್ತಾ?" ಅಂತ ಮನೆಯವರು ಯೋಚಿಸುವಾಗ ಆ ಶೇ. 99.98 ಏನನ್ನೂ ಹೇಳುವುದಿಲ್ಲ, ಯಾಕೆಂದರೆ ಆ ಮನುಷ್ಯ ಎಂದೂ ಏನೂ ಹೇಳಿರಲಿಲ್ಲ.

ಸ್ಪೇನ್ ನೋಡಿ. ಅಂಗಾಂಗ ದಾನದಲ್ಲಿ ಎಷ್ಟೋ ವರ್ಷಗಳಿಂದ ಲೋಕಕ್ಕೇ ಮುಂದೆ. ಬೇಡ ಅನ್ನದಿದ್ದರೆ ದಾನಿ ಅನ್ನುವ ಕಾನೂನು ಅಲ್ಲಿ 1979ರಲ್ಲೇ ಬಂದಿತ್ತು. ದಾನ ಏರಿದ್ದು ಮಾತ್ರ 1989ರ ನಂತರ. ಆ ವರ್ಷ ರಾಷ್ಟ್ರೀಯ ಕಸಿ ಸಂಸ್ಥೆ ಕಟ್ಟಿದರು, ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಸಂಯೋಜಕರನ್ನು ಇಟ್ಟರು. ದುಃಖದಲ್ಲಿರುವ ಮನೆಯವರ ಜೊತೆ ಕೂತು ಮಾತಾಡುವುದು ಅವರ ಕೆಲಸ. ಸಂಸ್ಥೆಯನ್ನು ಕಟ್ಟಿದ ರಾಫೆಲ್ ಮಾಟೆಸಾಂಜ್ ಅವರೇ ಹೇಳುತ್ತಾ ಬಂದದ್ದು, ಗೆಲುವಿಗೆ ಕಾರಣ ಈ ವ್ಯವಸ್ಥೆ, ಕಾನೂನಲ್ಲ ಅಂತ.

ಪಿಂಚಣಿಯಲ್ಲಿ ಡೀಫಾಲ್ಟ್ ಕೆಲಸವನ್ನೇ ಮುಗಿಸುತ್ತದೆ, ತಿಂಗಳಿಗೆ ಹಣ ತಾನಾಗಿ ಹೋಗುತ್ತದೆ. ದಾನದಲ್ಲಿ ಹಾಗಲ್ಲ. ಕೊನೆಯಲ್ಲಿ ಒಬ್ಬ ಮನುಷ್ಯ ಇನ್ನೊಬ್ಬರನ್ನು ಕೇಳಲೇಬೇಕು. ಈ ವ್ಯತ್ಯಾಸ ಮರೆತು ಒಂದರ ಪಾಠವನ್ನು ಇನ್ನೊಂದಕ್ಕೆ ಹಚ್ಚಿದರೆ ತಪ್ಪಾಗುತ್ತದೆ.

ಹಿಂಬದಿ_ಬೆಂಚು:

ಇದು ಗೊತ್ತಿರಲಿಲ್ಲ. ಧನ್ಯವಾದ. ಆ ಎರಡು ಸಂಖ್ಯೆಗಳನ್ನು ನಾನೇ ಎಷ್ಟೋ ಕಡೆ ಹೇಳಿದ್ದೇನೆ.

ನಿಧಾನಿ:

ಡೀಫಾಲ್ಟ್ ಬಿಟ್ಟು ಇನ್ನೊಂದು ದೊಡ್ಡ ಸಂಗತಿ ಇದೆ, ನಷ್ಟದ ಭಯ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲಿ ಇದನ್ನು ಸಿದ್ಧಾಂತವಾಗಿ ಇಟ್ಟರು. ಸಿಕ್ಕಿದ್ದು ಕೊಡುವ ಖುಷಿಗಿಂತ ಅಷ್ಟೇ ಕಳೆದುಕೊಂಡ ಸಂಕಟ ದೊಡ್ಡದು.

1981ರಲ್ಲಿ ಅವರು ಕೇಳಿದ ಪ್ರಶ್ನೆ ನೋಡಿ. ಒಂದು ರೋಗದಿಂದ 600 ಜನ ಸಾಯಬಹುದು. ಮೊದಲ ದಾರಿಯಲ್ಲಿ 200 ಜನ ಖಂಡಿತ ಉಳಿಯುತ್ತಾರೆ. ಎರಡನೆಯದರಲ್ಲಿ ಮೂರರಲ್ಲಿ ಒಂದು ಪಾಲು ಎಲ್ಲರೂ ಉಳಿಯುವ ಸಾಧ್ಯತೆ, ಮೂರರಲ್ಲಿ ಎರಡು ಪಾಲು ಯಾರೂ ಉಳಿಯದ ಸಾಧ್ಯತೆ. ಶೇ. 72 ಜನ ಮೊದಲನೆಯದನ್ನು ಆರಿಸಿದರು. ಇನ್ನೊಂದು ಗುಂಪಿಗೆ ಇದೇ ಲೆಕ್ಕವನ್ನು ತಿರುಗಿಸಿ, "400 ಜನ ಖಂಡಿತ ಸಾಯುತ್ತಾರೆ" ಅಂತ ಹೇಳಿದರು. ಆಗ ಶೇ. 78 ಜನ ಎರಡನೆಯ ದಾರಿಗೆ ಹೋದರು. 600ರಲ್ಲಿ 200 ಉಳಿಯುವುದೂ 400 ಸಾಯುವುದೂ ಒಂದೇ ಅಲ್ವಾ? ಬದಲಾದದ್ದು ಮಾತು ಮಾತ್ರ.

ಇದು ನೀತಿಗೆ ಹೇಗೆ ಬರುತ್ತದೆ ಅಂದರೆ, ವಾಷಿಂಗ್ಟನ್ ಸುತ್ತಮುತ್ತ ಅಂಗಡಿಯ ಕೈಚೀಲಗಳ ಬಗ್ಗೆ ಟಟಿಯಾನಾ ಹೊಮೊನಾಫ್ ಮಾಡಿದ ಅಧ್ಯಯನ 2018ರಲ್ಲಿ ಬಂತು. ಸ್ವಂತ ಚೀಲ ತಂದವರಿಗೆ 5 ಸೆಂಟ್ ವಾಪಸ್ ಕೊಟ್ಟಾಗ ಹೆಚ್ಚು ಕಡಿಮೆ ಏನೂ ಬದಲಾಗಲಿಲ್ಲ. ಅಂಗಡಿಯ ಚೀಲಕ್ಕೆ 5 ಸೆಂಟ್ ತೆರಿಗೆ ಹಾಕಿದಾಗ ಅದನ್ನು ಬಳಸುವವರು 40 ಶೇಕಡಾವಾರು ಅಂಶಕ್ಕೂ ಜಾಸ್ತಿ ಇಳಿದರು. ಮೊತ್ತ ಒಂದೇ. ಆದರೆ ಒಂದು ಸಿಗುವುದು, ಇನ್ನೊಂದು ಕೈಬಿಟ್ಟು ಹೋಗುವುದು.

ಸಂಜೆಗಾಳಿ:

ಚೀಲದ ತೆರಿಗೆಯ ವಿಷಯ ಬಂದದ್ದಕ್ಕೆ ದಂಡದ ಬಗ್ಗೆ ಒಂದು ಮಾತು. ನಾನು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಅದಕ್ಕೇ ಇಸ್ರೇಲಿನ ಹೈಫಾದ ಪ್ರಯೋಗ ಓದಿದಾಗ ಮೈ ಜುಂ ಅಂತು. 2000ದಲ್ಲಿ ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಇದನ್ನು ಪ್ರಕಟಿಸಿದರು. ಹತ್ತು ಶಿಶುಕೇಂದ್ರಗಳನ್ನು 20 ವಾರ ಗಮನಿಸಿದ್ದರು. ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ಪೋಷಕರು ತಡವಾಗಿ ಬರುತ್ತಿದ್ದರು. ಆರು ಕೇಂದ್ರಗಳಲ್ಲಿ ಹತ್ತು ನಿಮಿಷಕ್ಕಿಂತ ತಡವಾದರೆ ಸಣ್ಣ ದಂಡ ಅಂತ ಹಾಕಿದರು. ತಡವಾಗಿ ಬರುವವರು ಕಡಿಮೆ ಆಗಲಿಲ್ಲ. ಜಾಸ್ತಿ ಆದರು, ಕೆಲ ವಾರದಲ್ಲಿ ಸುಮಾರು ಎರಡು ಪಟ್ಟು!

ಮೊದಲು ತಡವಾದ ಅಪ್ಪ ಅಮ್ಮ ಓಡಿಬರುತ್ತಿದ್ದರು. "ಕ್ಷಮಿಸಿ ಟೀಚರ್, ನಿಮ್ಮನ್ನು ಕಾಯಿಸಿದೆ" ಅನ್ನುತ್ತಿದ್ದರು. ನನ್ನ ಅನುಭವದಲ್ಲೂ ಹೀಗೇ. ಆ ಸಂಕೋಚವೇ ಅವರನ್ನು ಹೊತ್ತಿಗೆ ಸರಿಯಾಗಿ ತರುತ್ತಿತ್ತು. ದಂಡ ಬಂದ ಕೂಡಲೇ ಅದು ಬೆಲೆಯಾಯಿತು. ದುಡ್ಡು ಕೊಟ್ಟಿದ್ದೇನೆ, ಇನ್ನು ಸಂಕೋಚ ಯಾಕೆ? 17ನೇ ವಾರದಲ್ಲಿ ದಂಡ ತೆಗೆದರು. ಆದರೂ ಪೋಷಕರು ಹಳೆಯ ಹಾಗೆ ಆಗಲಿಲ್ಲ. ನನ್ನನ್ನು ಬಹಳ ಕಾಡಿದ್ದು ಇದೇ. ಟೀಚರ್ ಮತ್ತು ಪೋಷಕರ ನಡುವೆ ಇದ್ದ ಒಂದು ಮರ್ಯಾದೆ ಹೋಯಿತು, ನಿಯಮ ತೆಗೆದರೂ ಅದು ವಾಪಸ್ ಬರಲಿಲ್ಲ.

ಹಾಗಾಗಿ ನೀತಿ ಮಾಡುವವರನ್ನು ಕೇಳಿಕೊಳ್ಳುವುದು ಇಷ್ಟೇ: ದಂಡ ಹಾಕುವ ಮೊದಲು ಈಗ ಜನರನ್ನು ಸರಿದಾರಿಯಲ್ಲಿ ಇಟ್ಟಿರುವುದು ಏನು ಅಂತ ನೋಡಿ.

ನಿಧಾನಿ:

ಸಂಜೆಗಾಳಿ ಅವರೇ, ಚೀಲದ ತೆರಿಗೆಗೂ ಇದಕ್ಕೂ ತಾಳೆ ಹಾಕಿ ನೋಡುತ್ತಿದ್ದೆ. ಅಂಗಡಿಯ ಚೀಲ ತೆಗೆದುಕೊಳ್ಳುವಾಗ ಯಾರಿಗೂ ಸಂಕೋಚ ಇರಲಿಲ್ಲ. ಕಳೆದುಕೊಳ್ಳುವ ಮರ್ಯಾದೆಯೇ ಇರಲಿಲ್ಲ. ಅದಕ್ಕೇ ಅಲ್ಲಿ 5 ಸೆಂಟ್ ಕೆಲಸ ಮಾಡಿತು ಅನಿಸುತ್ತದೆ.

ಎಣಿಕೆ:

ಇಷ್ಟೊತ್ತು ಹೆಚ್ಚಾಗಿ ದೊಡ್ಡ ಪರಿಣಾಮ ಕಂಡ ಕಥೆಗಳೇ ಬಂದವು. ಅಂಕಿಅಂಶ ನೋಡುವುದೇ ನನ್ನ ಕೆಲಸವಾದ್ದರಿಂದ ಇನ್ನೊಂದು ಬದಿ ಹೇಳದೆ ಹೋದರೆ ತಪ್ಪಾಗುತ್ತದೆ.

2010ರಲ್ಲಿ ಬ್ರಿಟನ್ ಸರ್ಕಾರ ಡೇವಿಡ್ ಹಾಲ್ಪರ್ನ್ ನೇತೃತ್ವದಲ್ಲಿ, ಈ ವಿಜ್ಞಾನವನ್ನು ನೀತಿಗೆ ತರಲು, ಒಂದು ವರ್ತನಾ ತಂಡ ಕಟ್ಟಿತು. ಅಮೆರಿಕದಲ್ಲಿ 2015ರಲ್ಲಿ ಒಬಾಮಾ ಇದನ್ನು ಬಳಸಿ ಅಂತ ಆದೇಶವನ್ನೇ ಹೊರಡಿಸಿದರು. ವಿಶ್ವಬ್ಯಾಂಕ್ ಅದೇ ವರ್ಷದ ಅಭಿವೃದ್ಧಿ ವರದಿಯನ್ನು ಪೂರ್ತಿ ಈ ವಿಷಯಕ್ಕೆ ಇಟ್ಟಿತು. ಒಂದು ಸಾಲು ಬದಲಿಸಿದರೆ ಸಾಕು, ದೇಶ ಬದಲಾಗುತ್ತದೆ ಅನ್ನುವ ಹುಮ್ಮಸ್ಸು ಇತ್ತು.

2022ರಲ್ಲಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಎಲಿಜಬೆತ್ ಲಿನೊಸ್ ಲೆಕ್ಕ ತೆಗೆದರು. ಅಮೆರಿಕದ ಎರಡು ದೊಡ್ಡ ನಡ್ಜ್ ತಂಡಗಳು (ನಡ್ಜ್ ಅಂದರೆ ಒತ್ತಾಯ ಮಾಡದೆ ಆಯ್ಕೆಯ ಕಡೆ ಮೆಲ್ಲಗೆ ತಳ್ಳುವುದು) ಮಾಡಿದ 126 ಪ್ರಯೋಗಗಳು, 2 ಕೋಟಿ 30 ಲಕ್ಷ ಜನ. ಗೆದ್ದದ್ದು ಸೋತದ್ದು ಎಲ್ಲ ಸೇರಿಸಿ ನೋಡಿದರೆ ಸರಾಸರಿ ಪರಿಣಾಮ 1.4 ಶೇಕಡಾವಾರು ಅಂಶ. ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾದ ಪ್ರಯೋಗಗಳ ಸರಾಸರಿ 8.7. ಇಷ್ಟು ಅಂತರ ಯಾಕೆ? ಬಹುಪಾಲು ಕಾರಣ, ಪರಿಣಾಮ ಕಾಣದ ಪ್ರಯೋಗಗಳು ಪತ್ರಿಕೆಗೆ ಹೋಗುವುದೇ ಇಲ್ಲ.

ಇನ್ನೂ ಕೆಟ್ಟದ್ದು ಇದೆ. ಫಾರಂ ಕೊನೆಯಲ್ಲಿ ಸಹಿ ಹಾಕಿಸುವ ಬದಲು ಮೇಲ್ಗಡೆ ಹಾಕಿಸಿದರೆ ಜನ ಸತ್ಯ ಬರೆಯುತ್ತಾರೆ ಅಂತ 2012ರಲ್ಲಿ ಒಂದು ಅಧ್ಯಯನ ಬಂತು. ಎಲ್ಲರಿಗೂ ಇಷ್ಟವಾಯಿತು. 2020ರಲ್ಲಿ ಅದನ್ನು ಬರೆದವರೇ ಮತ್ತೆ ಮಾಡಿ ನೋಡಿದರು, ಪರಿಣಾಮ ಸಿಗಲಿಲ್ಲ. 2021ರಲ್ಲಿ ಅದರೊಳಗಿನ ಒಂದು ಪ್ರಯೋಗದ ಅಂಕಿಗಳೇ ಕೃತಕ ಅಂತ ಬೆಳಕಿಗೆ ಬಂದು, ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. ಸುಮ್ನೆ ನಂಬಿದ್ದಕ್ಕೆ ನನಗೂ ಬೇಸರವಾಗಿತ್ತು.

ಇಷ್ಟೆಲ್ಲ ಹೇಳಿದರೂ ನಾನು ಈ ವಿಜ್ಞಾನವನ್ನು ಕೈಬಿಟ್ಟಿಲ್ಲ. ಒಂದು ಪತ್ರದ ಸಾಲು ಬದಲಿಸಲು ಖರ್ಚೇ ಇಲ್ಲ ಅಂದಾಗ 1.4 ಕೂಡ ಒಳ್ಳೆಯ ಲಾಭ. ಲಕ್ಷ ಜನರಲ್ಲಿ ಅದು 1,400 ಜನ.

ಹಿಂಬದಿ_ಬೆಂಚು:

ನನ್ನ ತಳಮಳದ ಇನ್ನೊಂದು ಭಾಗ ಇಲ್ಲೇ ಇದೆ. ಸರ್ಕಾರಕ್ಕೆ ಗೊತ್ತಿರುವ ಈ ವಿದ್ಯೆ ವ್ಯಾಪಾರ ಮಾಡುವವರಿಗೆ ಅದಕ್ಕಿಂತ ಚೆನ್ನಾಗಿ ಗೊತ್ತು. ನಾನು ಒಂದು ಆನ್‌ಲೈನ್ ಸೇವೆಗೆ ಒಂದೇ ಬಟನ್ ಒತ್ತಿ ಸೇರಿದ್ದೆ. ಬಿಡಲು ಹೋದಾಗ ನಾಲ್ಕು ಪುಟ ದಾಟಿ, ಕೊನೆಗೆ ಫೋನ್ ಮಾಡಬೇಕಾಯಿತು. ಫೋನಿನಲ್ಲಿ ಅರ್ಧ ಗಂಟೆ. ಎಂಟು ತಿಂಗಳು ಸುಮ್ಮನೆ ದುಡ್ಡು ಕಟ್ಟಿದ್ದೇನೆ.

ನಿಧಾನಿ:

ಅದಕ್ಕೆ ಥೇಲರ್ 2018ರಲ್ಲಿ ಬಳಸಿದ ಪದ ಸ್ಲಡ್ಜ್. ಕೆಸರು ಅಂತ ಇಟ್ಟುಕೊಳ್ಳಿ. ಕಾಲು ಹೂತುಹೋಗಲಿ ಅಂತಲೇ ದಾರಿಯಲ್ಲಿ ಸುರಿದ ಕೆಸರು. ಇದನ್ನು ಇನ್ನೊಂದು ನಡ್ಜ್‌ನಿಂದ ಸರಿಮಾಡಲು ಆಗುವುದಿಲ್ಲ, ಕಾನೂನೇ ಬೇಕು. 2022ರಲ್ಲಿ ನಿಕ್ ಚೇಟರ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಇದನ್ನೇ ಗಟ್ಟಿಯಾಗಿ ಹೇಳಿದರು. ಇಬ್ಬರೂ ಈ ಕ್ಷೇತ್ರದವರೇ. ವ್ಯಕ್ತಿಯ ತಪ್ಪು ತಿದ್ದುವುದರಲ್ಲೇ ಮುಳುಗಿ, ವ್ಯವಸ್ಥೆಯನ್ನು ಬದಲಿಸುವ ಕೆಲಸದಿಂದ ಗಮನ ತಪ್ಪಿತು ಅಂತ.

ಕೆಸರು ಸುರಿಯುವುದು ವ್ಯಾಪಾರಿಗಳು ಮಾತ್ರ ಅಲ್ಲ. ಮಳೆಹನಿ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಆ ನವೀಕರಣದ ಫಾರಂ ಎಷ್ಟು ಪುಟ?

ಮಳೆಹನಿ:

ಬೇಜಾರೇನಿಲ್ಲ. ಏಳು ಪುಟ. ಅದರ ಜೊತೆ ಎರಡು ಪುಟದ ಪತ್ರ. ನೀವು ಕೇಳಿದ ಮೇಲೆ ತೆಗೆದು ನೋಡಿದೆ. ಕೊನೆಯ ದಿನಾಂಕ ಎರಡನೇ ಪುಟದ ಕೆಳಗೆ, ನಿಯಮದ ಸಂಖ್ಯೆಗಳ ನಡುವೆ ಇದೆ. ಮೊದಲ ಪ್ಯಾರಾ ಪೂರ್ತಿ ಕಾಯ್ದೆಯ ಹೆಸರು. ಫಾರಂನಲ್ಲಿ ಕೇಳುವ ವಿವರಗಳಲ್ಲಿ ಅರ್ಧಕ್ಕೂ ಜಾಸ್ತಿ ನಮ್ಮ ಕಂಪ್ಯೂಟರಿನಲ್ಲೇ ಇದೆ. ಇಷ್ಟು ವರ್ಷ ದಿನಾ ನೋಡಿದ ಕಾಗದ. ಅದನ್ನು ಪಡೆಯುವವರ ಜಾಗದಲ್ಲಿ ಕೂತು ಒಂದು ಸಲವೂ ಓದಿರಲಿಲ್ಲ.

ನಾನು ಏನು ಬದಲಿಸಬಹುದು? ನಿಯಮ ಬದಲಿಸುವ ಅಧಿಕಾರ ನನಗಿಲ್ಲ. ಪತ್ರದ ಬಗ್ಗೆ ಮೇಲಿನವರನ್ನು ಕೇಳಬಹುದು.

ಎಣಿಕೆ:

ನಿಮಗೆ ಸರಿಯಾಗಿ ಹೊಂದುವ ಅಧ್ಯಯನ ಒಂದಿದೆ. ನ್ಯೂಯಾರ್ಕ್ ನಗರದಲ್ಲಿ ಸಣ್ಣ ತಪ್ಪುಗಳಿಗೆ ಕೋರ್ಟಿಗೆ ಬರಲು ಚೀಟಿ ಕೊಡುತ್ತಾರೆ. ಬರದಿದ್ದರೆ ವಾರಂಟ್. ಆದರೂ ಬಹಳ ಜನ ಬರುತ್ತಿರಲಿಲ್ಲ. ಸಂಶೋಧಕರು ಆ ಚೀಟಿಯನ್ನು ಹೊಸದಾಗಿ ಮಾಡಿದರು. ದಿನಾಂಕ, ಜಾಗ ಮೇಲ್ಗಡೆ. ಬರದಿದ್ದರೆ ಏನಾಗುತ್ತದೆ ಅನ್ನುವುದು ಎದ್ದು ಕಾಣುವ ಹಾಗೆ. ಬರದವರ ಪ್ರಮಾಣ ಅಷ್ಟರಲ್ಲೇ ಶೇ. 13ರಷ್ಟು ಇಳಿಯಿತು. ಮೊಬೈಲಿಗೆ ನೆನಪಿನ ಸಂದೇಶ ಕಳಿಸಿದಾಗ ಶೇ. 21ರಷ್ಟು. 2020ರಲ್ಲಿ ಪ್ರಕಟವಾಯಿತು.

ಅದರಲ್ಲಿ ಇನ್ನೊಂದು ಸಂಗತಿ ಇದೆ, ನಿಮ್ಮ ಜೊತೆಯವರಿಗೆ ತೋರಿಸಿ. ಕೋರ್ಟಿಗೆ ಬರದವರು ಬೇಕಂತಲೇ ಬಂದಿಲ್ಲ ಅಂತ ಸಾಮಾನ್ಯ ಜನ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡವರಿಗೆ ಚೀಟಿ ಸರಿಮಾಡುವುದಕ್ಕಿಂತ ಶಿಕ್ಷೆಯೇ ಸರಿ ಅನಿಸುತ್ತದೆ.

ಸಂಜೆಗಾಳಿ:

ಫಾರಂ ತುಂಬಲು ಯಾರಾದರೂ ಜೊತೆ ಕೂರಲು ಆಗುತ್ತದಾ? ಅಮೆರಿಕದಲ್ಲಿ ಕಾಲೇಜು ನೆರವಿನ ಅರ್ಜಿಯ ಪ್ರಯೋಗ ಓದಿದ ನೆನಪು. ತೆರಿಗೆ ಲೆಕ್ಕ ಮಾಡಿಸಲು ಬಂದ ಮನೆಯವರಿಗೆ ಅಲ್ಲೇ, ಕೆಲವೇ ನಿಮಿಷದಲ್ಲಿ ಆ ಅರ್ಜಿ ತುಂಬಿಕೊಟ್ಟರು.

ನಿಧಾನಿ:

ಹೌದು, 2012ರಲ್ಲಿ ಬಂದದ್ದು. ಹಾಗೆ ಸಹಾಯ ಸಿಕ್ಕ ಮನೆಗಳ ಮಕ್ಕಳಲ್ಲಿ ಎರಡು ವರ್ಷ ಕಾಲೇಜು ಓದಿದವರು ಶೇ. 28ರಿಂದ ಶೇ. 36ಕ್ಕೆ ಏರಿದರು. ಇನ್ನೊಂದು ಗುಂಪಿಗೆ ಎಷ್ಟು ನೆರವು ಸಿಗಬಹುದು ಅನ್ನುವ ಮಾಹಿತಿ ಮಾತ್ರ ಕೊಟ್ಟರು. ಅದರಿಂದ ಏನೂ ಆಗಲಿಲ್ಲ. ನಾವು ಸದಾ ಮಾಡುವುದು ಆ ಎರಡನೆಯದನ್ನೇ. ಕರಪತ್ರ ಹಂಚುತ್ತೇವೆ, ಅರಿವು ಮೂಡಿಸಿದೆವು ಅಂತ ಸಮಾಧಾನ ಪಡುತ್ತೇವೆ.

ಮಳೆಹನಿ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಮೇಲಿನವರ ಹತ್ತಿರ ಮಾತಾಡಿದೆ. ಮೊದಲು ಬೇಡ ಅಂದರು. ನ್ಯೂಯಾರ್ಕಿನ ಚೀಟಿಯ ವಿಷಯ ಹೇಳಿ, ಹಳೆಯ ಪತ್ರವನ್ನು ಅವರ ಕೈಗೇ ಕೊಟ್ಟು "ಕೊನೆಯ ದಿನಾಂಕ ಹುಡುಕಿ ಸರ್" ಅಂದೆ. ಸ್ವಲ್ಪ ಹೊತ್ತು ಹುಡುಕಿದರು. ಆಮೇಲೆ ಒಪ್ಪಿದರು.

ಹೊಸ ಪತ್ರ ಒಂದೇ ಪುಟ. ಮೇಲೆ ದಪ್ಪ ಅಕ್ಷರದಲ್ಲಿ ದಿನಾಂಕ. ಅದರ ಕೆಳಗೆ, "ಈ ದಿನದೊಳಗೆ ಫಾರಂ ಬರದಿದ್ದರೆ ನಿಮಗೆ ಬರುತ್ತಿರುವ ಹಣ ನಿಲ್ಲುತ್ತದೆ." ನಮ್ಮಲ್ಲಿ ಇರುವ ವಿವರಗಳನ್ನು ಮೊದಲೇ ಅಚ್ಚು ಮಾಡಿ, ಬದಲಾಗಿದ್ದರೆ ಮಾತ್ರ ತಿದ್ದಿ ಅಂತ ಹಾಕಿದ್ದೇವೆ. ಏಳು ಪುಟ ಮೂರಾಗಿದೆ. ವಾರಕ್ಕೆ ಎರಡು ಮಧ್ಯಾಹ್ನ ಫಾರಂ ತುಂಬಲು ಜೊತೆ ಕೂರುತ್ತೇನೆ ಅಂತ ನಾನೇ ಹೇಳಿದ್ದೇನೆ.

ಎಣಿಕೆ ಅವರೇ, ಒಂದು ಅನುಮಾನ. ಎಲ್ಲರಿಗೂ ಹೊಸ ಪತ್ರವನ್ನೇ ಕಳಿಸಬೇಕಾ, ಅರ್ಧ ಜನಕ್ಕೆ ಹಳೆಯದನ್ನೇ ಕಳಿಸಿ ಹೋಲಿಸಬೇಕಾ? ಹಳೆಯದು ಕೆಟ್ಟದ್ದು ಅಂತ ಗೊತ್ತಿದ್ದೂ ಕಳಿಸಲು ಮನಸ್ಸು ಬರುತ್ತಿಲ್ಲ.

ಎಣಿಕೆ:

ಆ ಹಿಂಜರಿಕೆ ಒಳ್ಳೆಯದೇ. ಆದರೆ ಹಳೆಯದು ಕೆಟ್ಟದ್ದು ಅಂತ ನಮಗೆ ಅನಿಸುತ್ತಿದೆ, ಇನ್ನೂ ಗೊತ್ತಾಗಿಲ್ಲ. ಹೋಲಿಸದಿದ್ದರೆ ಮುಂದಿನ ವರ್ಷ ಬೇರೆ ಯಾರೋ ಬಂದು ಏಳು ಪುಟವನ್ನೇ ವಾಪಸ್ ತಂದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಚೀಟಿ ಎತ್ತಿ ಎರಡು ಗುಂಪು ಮಾಡಿ. ಗಡುವಿಗೆ ಎರಡು ವಾರ ಇರುವಾಗ, ಹಳೆಯ ಪತ್ರ ಹೋದವರಲ್ಲಿ ಇನ್ನೂ ಕಳಿಸದ ಎಲ್ಲರಿಗೂ ಹೊಸದನ್ನು ಕಳಿಸಿಬಿಡಿ. ಅಲ್ಲಿಯವರೆಗಿನ ಎಣಿಕೆ ಸಾಕು. ಹೀಗೆ ಮಾಡಿದರೆ ಯಾರ ಹಣವೂ ಪ್ರಯೋಗದ ಕಾರಣಕ್ಕೆ ನಿಲ್ಲುವುದಿಲ್ಲ. ನೆನಪಿರಲಿ, ವ್ಯತ್ಯಾಸ ಸಣ್ಣದೇ ಬರಬಹುದು.

ಮಳೆಹನಿ:

ಹಾಗೇ ಮಾಡುತ್ತೇನೆ. ಪತ್ರಗಳು ಸೋಮವಾರ ಹೋಗುತ್ತವೆ. ಎಣಿಸಿದ್ದು ಎಷ್ಟೇ ಬರಲಿ, ಇಲ್ಲೇ ಹಾಕುತ್ತೇನೆ.